ಕನ್ಸೆಪ್ಟಾಳ ವೋಟಿಗೆ ಡಿಂಪ್ನಾಳ ಕಾರು

ಕನ್ಸೆಪ್ಟಾಗೆ ಕಾರು ಓಡಿಸಲು ಬರುವುದಿಲ್ಲ. ಗಂಡ ಬದುಕಿದ್ದಾಗ ಒಮ್ಮೆ ಕಲಿಯಲು ಹೋಗಿ ಡೇರಿಯ ಗೇಟನ್ನು ಬಂಪರಿಗೆ ಸಿಕ್ಕಿಸಿಕೊಂಡು ಮನೆಯವರೆಗೂ ಎಳೆದು ತಂದಿದ್ದಳು. ಅವಳ ಕಲಿಕೆ ಅಲ್ಲಿಗೆ ಮುಗಿಯಿತು. ಹಾಗಾಗಿ ಕಿಲ್ಬರಾನಿನಲ್ಲಿ ಯಾವ ಚುನಾವಣೆ ಬರಲಿ, ಊರಾಚೆಯ ಶಾಲೆಯಲ್ಲಿದ್ದ ಮತಗಟ್ಟೆಗೆ ಅವಳನ್ನು ಕೂರಿಸಿಕೊಂಡು ಹೋಗುವುದು ಪಕ್ಕದ ಮನೆಯ ಡಿಂಪ್ನಾಳ ಪಾಲಿನ ಕೆಲಸ. ಇಬ್ಬರ ಮನೆತನದ ಪಕ್ಷಗಳು ಬೇರೆ ಬೇರೆ. ಒಂದೇ ಕಾರಿನಲ್ಲಿ ಹೋಗಿ, ಒಬ್ಬಳ ವೋಟನ್ನು ಇನ್ನೊಬ್ಬಳು ಹೊಡೆದುಹಾಕಿ, ಒಂದೇ ಕಾರಿನಲ್ಲಿ ಮರಳಿ, ಒಂದೇ ಕೆಟಲಿನ ಚಹಾ ಕುಡಿಯುವರು. ಕ್ಲೇರ್ ಸೀಮೆಯಲ್ಲಿ ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಎದುರು ಪಕ್ಷದವನೇ ಆಗಲಿ, ಕಾರಿಲ್ಲದವನನ್ನು ಮತಗಟ್ಟೆಗೆ ಮುಟ್ಟಿಸದೆ ಹೋದರೆ ಆ ಮನೆಯವರ ಬಗ್ಗೆ ಊರು ಎರಡು ತಲೆಮಾರು ಆಡಿಕೊಳ್ಳುತ್ತದೆ.

ಆದರೆ ಈ ಮೇ ತಿಂಗಳ ಶುಕ್ರವಾರದ ವೋಟು ಅಂಥದ್ದಲ್ಲ. ದೇಶದ ಸಂವಿಧಾನದಲ್ಲಿ ಎಂಟನೆಯ ತಿದ್ದುಪಡಿ ಎಂದೊಂದು ಇತ್ತು. ಬಸುರಿಯ ಜೀವ, ಬಸಿರೊಳಗಿನ ಜೀವ ಎರಡೂ ತಕ್ಕಡಿಯಲ್ಲಿ ಸಮ ಎನ್ನುತ್ತಿತ್ತು ಅದು. ತಕ್ಕಡಿ ಹಿಡಿದವರಲ್ಲಿ ಯಾರೂ ಎಂದೂ ಬಸುರಾದವರಲ್ಲ. ಅದನ್ನು ಕಿತ್ತುಹಾಕಿ ಗರ್ಭಪಾತವನ್ನು ಕಾನೂನಿನೊಳಗೆ ತರಬೇಕೇ ಬೇಡವೇ ಎಂದು ಈಗ ಜನರನ್ನೇ ಕೇಳಿದ್ದರು. ಲೈಟುಕಂಬಗಳಿಗೆಲ್ಲ ‘ಹೌದು’ ಎಂದೊಂದು, ‘ಬೇಡ’ ಎಂದೊಂದು ಪೋಸ್ಟರು ಬಿದ್ದಿದ್ದವು. ಊರಿನಲ್ಲಿ ಉದ್ದನೆಯ ಏಣಿ ಇದ್ದದ್ದು ಡಿಂಪ್ನಾಳ ಗಂಡ ಮ್ಯಾಲಕಿಯ ಬಳಿ ಮಾತ್ರ. ಎರಡೂ ಕಡೆಯವರು ಅದನ್ನೇ ಎರವಲು ಒಯ್ದಿದ್ದರು.

“ಏಣಿಗೆ ಧರ್ಮ ಇಲ್ಲಪ್ಪಾ,” ಎಂದಿದ್ದ ಮ್ಯಾಲಕಿ, “ಬೀಳೋನಿಗೂ ಇಲ್ಲ. ಹುಷಾರಾಗಿ ಹತ್ತಿ.”

‘ಬೇಡ’ದವರ ಪರವಾಗಿ ಊರಿನಲ್ಲಿ ಮನೆಮನೆ ತಿರುಗುತ್ತಿದ್ದವಳು ಕನ್ಸೆಪ್ಟಾ. ಎಪ್ಪತ್ತು ದಾಟಿದ ಮೊಣಕಾಲು, ಕೈಯಲ್ಲಿ ಕರಪತ್ರದ ಕಟ್ಟು, ತಲೆಗೆ ಮಳೆಯ ಪ್ಲಾಸ್ಟಿಕ್ ಸ್ಕಾರ್ಫು. ಡಿಂಪ್ನಾಳ ಮನೆಗೆ ಮಾತ್ರ ಅವಳು ಕರಪತ್ರ ತಂದಿರಲಿಲ್ಲ. ಚಹಾಕ್ಕೆ ಬರುವಳು, ಮೊಣಕಾಲು ತೋರಿಸುವಳು, ಅವರಿವರ ಸುದ್ದಿ ಹೇಳುವಳು. ಡಿಂಪ್ನಾ ಏನು ಮಾಡುವಳೆಂದು ಕೇಳಿರಲಿಲ್ಲ. ಡಿಂಪ್ನಾ ಹೇಳಿರಲೂ ಇಲ್ಲ.

ಹೇಳಿದ್ದು ಮೊಮ್ಮಗಳು ಮುರಿನ್‌ಗೆ ಮಾತ್ರ. ಗಾಲ್ವೆಯಲ್ಲಿ ಓದುವ ಹುಡುಗಿ, ವೋಟಿಗೆಂದೇ ಬಸ್ಸು ಹತ್ತಿ ಬಂದಿದ್ದಳು. ಜಾಕೆಟ್ಟಿನ ಮೇಲೆ ‘ಹೌದು’ ಎಂಬ ಬಿಲ್ಲೆ.

“ಹಾಗಾದ್ರೆ ಶುಕ್ರವಾರ ಕನ್ಸೆಪ್ಟಾ ಅಜ್ಜೀನ ಕರ್ಕೊಂಡು ಹೋಗಲ್ಲ ಅಲ್ವಾ ನೀನು?” ಸೋಮವಾರ ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತ ಕೇಳಿದಳು.

“ಯಾಕೆ, ನನ್ನ ಕಾರಿಗೇನಾಗಿದೆ?”

“ಅಜ್ಜೀ! ನೀನು ಒಂದು ಹಾಕಿ, ಅವರಿಂದ ಒಂದು ಹಾಕ್ಸಿ, ಮನೆಗೆ ಬಂದು ಏನು ಸಾಧಿಸಿದ ಹಾಗಾಯ್ತು? ಅದಕ್ಕಿಂತ ಇಬ್ಬರೂ ಮನೇಲೇ ಕೂತು ಟೀವಿ ನೋಡಿ. ಪೆಟ್ರೋಲಾದ್ರೂ ಉಳಿಯುತ್ತೆ.”

“ನಿನ್ನ ತಾತನೂ ನಾನೂ ಮದುವೆ ಆದಾಗಿಂದ ಒಬ್ಬರ ವೋಟು ಒಬ್ಬರು ಹೊಡೀತಾ ಬಂದಿದ್ದೀವಿ. ಅವನನ್ನ ಮನೇಲಿ ಕಟ್ಟಿಹಾಕಿದ್ದೀನಾ?”

“ಇದು ಬೇರೆ ಅಜ್ಜಿ. ಅವೆಲ್ಲ ರಸ್ತೆ, ಹಾಲಿನ ರೇಟು. ಇದು ನನ್ನ ಮೈ. ನಾನು ಮನೆಮನೆ ಅಲೆದು ಒಂದೊಂದು ವೋಟು ಕೂಡಿಸ್ತಿದ್ದೀನಿ, ನೀನು ನಿನ್ನ ಕಾರಲ್ಲಿ ಒಂದೊಂದನ್ನೇ ಕಳೀತಾ ಹೋದ್ರೆ?”

ಡಿಂಪ್ನಾ ಹುಡುಗಿಯ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಕಪ್ಪು ತೊಳೆಯಲು ಎದ್ದಳು. ತೊಳೆದ ಕಪ್ಪನ್ನೇ ಇನ್ನೊಮ್ಮೆ ತೊಳೆದಳು.

ಮಂಗಳವಾರ ಸಂಜೆ ಚರ್ಚಿನ ಪ್ಯಾರಿಷ್ ಹಾಲಿನಲ್ಲಿ ಸಭೆ. ಇಳಿಬಿಸಿಲು ಇನ್ನೂ ಕಿಟಕಿಗಳಲ್ಲಿತ್ತು. ನಿವೃತ್ತ ಫಿಂಟನ್ ಮೇಷ್ಟ್ರು ಅಧ್ಯಕ್ಷರು; ಹಾಲಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಅವರಿಂದ ಕಿವಿ ಹಿಂಡಿಸಿಕೊಂಡವರು. ಮೇಜಿನ ಮೇಲೆ ಶಾಲೆಯ ಹಿತ್ತಾಳೆ ಗಂಟೆ.

“ಒಬ್ಬೊಬ್ಬರಿಗೆ ಎರಡು ನಿಮಿಷ. ಗಂಟೆ ಹೊಡೆದ ಮೇಲೆ ಬಾಯಿ ಮುಚ್ಚಬೇಕು. ಡೆಕ್ಲನ್, ನಿನಗೇ ಹೇಳ್ತಿರೋದು.”

“ನಾನಿನ್ನೂ ಬಾಯಿ ತೆಗೆದೇ ಇಲ್ಲ ಸಾರ್!”

“ನಿನ್ನ ಬಾಯಿ ನನಗೆ ಐದನೇ ಕ್ಲಾಸಿಂದ ಗೊತ್ತು.”

ನಗೆ ಎದ್ದಿತು. ಆಮೇಲೆ ಪೇಟೆಯಿಂದ ಬಂದ ವಕೀಲನೊಬ್ಬ ಎದ್ದು ತಾಯ್ತನದ ಹಿರಿಮೆಯ ಬಗ್ಗೆ ಮಾತಾಡಿದ. ಎರಡು ನಿಮಿಷದಲ್ಲಿ ತಾಯಿ ಎಂಬ ಪದ ಎಷ್ಟು ಸಲ ಬಂತೋ, ಹೆಂಗಸು ಎಂಬ ಪದ ಒಂದು ಸಲವೂ ಬರಲಿಲ್ಲ. ತರುಣ ವೈದ್ಯೆಯೊಬ್ಬಳು ಎದ್ದು, ದಿನವೂ ಇಲ್ಲಿಂದ ಹೆಂಗಸರು ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗಿಬರುತ್ತಿರುವುದನ್ನು ಹೇಳಿದಳು. ನಮ್ಮ ದೇಶದಲ್ಲಿ ಗರ್ಭಪಾತ ಇಲ್ಲವೆಂದಲ್ಲ, ಅದನ್ನು ಸಮುದ್ರದ ಆಚೆಗೆ ಇಟ್ಟುಕೊಂಡಿದ್ದೇವೆ ಅಷ್ಟೆ, ಎಂದಳು. ಡೆಕ್ಲನ್ ಎದ್ದು, ‘ಬಾಗಿಲು ಒಂದು ಸಲ ತೆರೆದರೆ ಮುಚ್ಚುವವರು ಯಾರು?’ ಎಂದ.

“ನಿನ್ನ ಹಟ್ಟಿ ಬಾಗಿಲು ಮೊದಲು ಮುಚ್ಚು ಮಾರಾಯ, ನಿನ್ನ ಹೋರಿ ನಿನ್ನೆಯಿಂದ ನನ್ನ ಹುಲ್ಲುಗಾವಲಲ್ಲಿದೆ,” ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಗಂಟೆ ಹೊಡೆಯಿತು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಡಿಂಪ್ನಾಳೂ ನಕ್ಕಳು. ಪಕ್ಕದಲ್ಲಿ ಮ್ಯಾಲಕಿ, ಆಚೆ ಪಕ್ಕ ಮುರಿನ್. ಇಷ್ಟೇ ಆದರೆ ಪರವಾಗಿಲ್ಲ, ನಕ್ಕು ಮನೆಗೆ ಹೋಗಬಹುದು ಅಂದುಕೊಂಡಳು.

ಆಗ ಮುಂದಿನ ಸಾಲಿನಲ್ಲಿ ಕನ್ಸೆಪ್ಟಾ ಎದ್ದು ನಿಂತಳು.

“ನಂಗೆ ಭಾಷಣ ಬರಲ್ಲ,” ಅಂದಳು. ಕೈಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. “ವಕೀಲರ ಹಾಗೆ, ಡಾಕ್ಟ್ರಮ್ಮನ ಹಾಗೆ ಮಾತಾಡೋಕೆ ನಾನೇನೂ ಓದಿಲ್ಲ. ನಂಗೆ ಗೊತ್ತಿರೋ ಒಬ್ಬಳ ಮಾತು ಹೇಳ್ತೀನಿ. ಹೆಸರು ಬೇಡ. ಬಹಳ ಹಿಂದಿನ ಮಾತು. ಐದನೇ ತಿಂಗಳಲ್ಲಿ ಡಾಕ್ಟ್ರು ಅವಳಿಗೆ ಹೇಳಿದ್ರು, ಮಗು ಉಳಿಯಲ್ಲ ಅಂತ. ತಲೆ ಸರಿಯಾಗಿ ಬೆಳೆದಿಲ್ಲ, ಹುಟ್ಟಿದ ಗಳಿಗೆಗೇ ಹೋಗುತ್ತೆ ಅಂತ.”

ಡಿಂಪ್ನಾಳ ಬೆನ್ನು ಕುರ್ಚಿಗೆ ಅಂಟಿಕೊಂಡಿತು.

“ಅವಳು ಹೊತ್ತಳು. ದಿನ ತುಂಬೋವರೆಗೂ ಹೊತ್ತಳು. ಒಂದು ದಿನ ಕಣ್ಣೀರು ಹಾಕಿದ್ದು ನಾ ನೋಡಲಿಲ್ಲ. ಒಂದು ಮಾತು ಗೊಣಗಿದ್ದು ಕೇಳಲಿಲ್ಲ. ಹಾಲು ಕರೆದಳು, ಮಕ್ಕಳನ್ನ ಶಾಲೆಗೆ ಕಳಿಸಿದಳು, ಭಾನುವಾರ ಚರ್ಚಿಗೆ ಬಂದಳು, ನಗ್ತಾನೇ ಇದ್ದಳು. ಆ ಕೂಸನ್ನ ಅವಳು ಬೇಡ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಧೈರ್ಯ ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ದಿನಾ ರಾತ್ರಿ ಪ್ರಾರ್ಥನೆಲಿ ಅವಳ ಹೆಸರು ಹೇಳ್ತೀನಿ. ಅವಳ ಕೈಲಿ ಆಗಿದ್ದು ಬೇರೆಯವರ ಕೈಲಿ ಯಾಕಾಗಲ್ಲ? ಇಷ್ಟೇ ನಾನು ಕೇಳೋದು.”

ಕನ್ಸೆಪ್ಟಾ ಕೂತಳು. ಪ್ರೀತಿಯಿಂದ ಆಡಿದ ಮಾತು ಅದು. ಅದು ಪ್ರೀತಿಯಲ್ಲದಿದ್ದರೆ ಡಿಂಪ್ನಾಗೆ ಎಷ್ಟೋ ಸುಲಭವಾಗುತ್ತಿತ್ತು.

ಹಾಲಿನಲ್ಲಿ ಒಬ್ಬರೂ ಡಿಂಪ್ನಾಳ ಕಡೆ ತಿರುಗಲಿಲ್ಲ. ಕೆಲವರು ಚಾವಣಿ ನೋಡಿದರು, ಕೆಲವರು ತಮ್ಮ ಬೂಟು ನೋಡಿಕೊಂಡರು. ಇಡೀ ಊರು ಸೇರಿ ಒಬ್ಬಳನ್ನು ನೋಡದೆ ಇರುವ ಭಾರ ಎಷ್ಟೆಂದು ಹೊತ್ತವರಿಗೇ ಗೊತ್ತು. ಇದೇ ಊರಿನ ಮರ್ಯಾದೆ. ಹೆತ್ತು ಬರಿಗೈಯಲ್ಲಿ ಮನೆಗೆ ಬಂದಾಗಲೂ ಇದೇ ಮರ್ಯಾದೆಯನ್ನು ಅವಳಿಗೆ ತೋರಿಸಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳುವುದು ಒರಟುತನ, ಹೇಳಿಕೊಳ್ಳುವುದು ಅದಕ್ಕಿಂತ ಒರಟುತನ. ಕನ್ಸೆಪ್ಟಾ ಸೂಪು ತಂದಳು, ಮಕ್ಕಳಿಗೆ ಜಡೆ ಹೆಣೆದಳು, ಬಟ್ಟೆ ಒಗೆದು ಹರವಿದಳು, ಹವಾಮಾನದ ಮಾತಾಡಿದಳು. ಡಿಂಪ್ನಾ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯನ್ನು ನೆರೆಮನೆಯವಳು ಇಷ್ಟು ವರ್ಷ ನೆಮ್ಮದಿ ಎಂದು ಓದಿಕೊಂಡು ಬಂದಿದ್ದಾಳೆ. ಈಗ ಅದಕ್ಕೆ ಮೆರುಗು ಹಚ್ಚಿ ಸಭೆಯ ಮುಂದೆ ನಿಲ್ಲಿಸಿದ್ದಾಳೆ.

“ಅಜ್ಜೀ,” ಮುರಿನ್ ಅವಳ ತೋಳು ಹಿಡಿದಳು. ಹುಡುಗಿಯ ಮುಖ ಬಿಳುಚಿತ್ತು. ಅವಳಿಗೆ ಈ ಮಾತು ಗೊತ್ತೇ ಇರಲಿಲ್ಲ. ಗೊತ್ತಾಗುವ ರೀತಿಯೇ ಇದು?

ಡಿಂಪ್ನಾ ಎದ್ದಳು. ತೊಡೆಯ ಮೇಲಿದ್ದ ಕೈಚೀಲ ಜಾರಿತು. ಮ್ಯಾಲಕಿ ಬಗ್ಗಿ ಹಿಡಿದುಕೊಂಡು, ಅದನ್ನು ತನ್ನ ಮೊಣಕಾಲ ಮೇಲಿಟ್ಟು, ಎರಡೂ ಕೈಯಲ್ಲಿ ಭದ್ರವಾಗಿ ಒತ್ತಿಕೊಂಡ.

“ಕನ್ಸೆಪ್ಟಾ ಹೇಳಿದ ಹೆಂಗಸು ನಾನು,” ಎಂದಳು ಡಿಂಪ್ನಾ. “ನಿಮಗೆಲ್ಲ ಗೊತ್ತಿದೆ. ಚಾವಣಿ ನೋಡಿದ್ದು ಸಾಕು, ಅದು ಬೀಳಲ್ಲ.”

ತಲೆಗಳು ತಿರುಗಿದವು. ಕನ್ಸೆಪ್ಟಾಳದ್ದು ತಿರುಗಲಿಲ್ಲ.

“ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನು ಅತ್ತಿದ್ದು ಅವಳು ನೋಡಲಿಲ್ಲ. ಯಾರೂ ನೋಡಲಿಲ್ಲ. ನಾನು ಅಳ್ತಿದ್ದಿದ್ದು ಹಟ್ಟೀಲಿ, ಹಾಲು ಕರೆಯೋ ಮಿಷನ್ ಹಾಕ್ಕೊಂಡು. ಆ ಸದ್ದಲ್ಲಿ ಏನೂ ಕೇಳ್ಸಲ್ಲ. ಹಸುಗಳಿಗೆ ಗೊತ್ತಿತ್ತು. ಅವು ಎಲ್ಲೂ ಹೇಳಲಿಲ್ಲ.”

ಯಾರೋ ನಗಲು ಹೊರಟು ನಿಲ್ಲಿಸಿದರು.

“ಹೊತ್ತಳು, ಹೊತ್ತಳು ಅಂದ್ಲು. ಹೊರದೆ ಏನು ಮಾಡ್ಬೇಕಿತ್ತು? ಡಾಕ್ಟ್ರು ನನ್ನ ಮುಖ ನೋಡಲಿಲ್ಲ. ಕಿಟಕಿ ನೋಡ್ಕೊಂಡು ಹೇಳಿದ್ರು, ‘ಮನೆಗೆ ಹೋಗಿ, ನೋವು ಬಂದಾಗ ಬನ್ನಿ’ ಅಂತ. ಬೇರೆ ದಾರಿ ಇದೆಯಾ ಅಂತ ಮ್ಯಾಲಕಿ ಕೇಳಿದ. ಡಾಕ್ಟ್ರು ಎದ್ದು ಬಾಗಿಲು ತೆರೆದ್ರು. ಅಷ್ಟೇ ಉತ್ತರ. ಅಲ್ಲಿಂದ ಬಂದವಳು ಅಂಗಡಿಗೆ ಹೋದ್ರೆ ಒಬ್ಬೊಬ್ಬರು ಹೊಟ್ಟೆ ಮುಟ್ಟಿ ಕೇಳೋರು, ಗಂಡೋ ಹೆಣ್ಣೋ ಅಂತ. ‘ಯಾವುದಾದ್ರೂ ಸರಿ, ಗಟ್ಟಿಯಾಗಿದ್ರೆ ಸಾಕು’ ಅಂತಿದ್ದೆ. ನಗ್ತಾ ಅಂತಿದ್ದೆ. ನಿಮ್ಮಲ್ಲೇ ಎಷ್ಟು ಜನರಿಗೆ ಹಾಗಂದಿದ್ದೀನಿ. ಕನ್ಸೆಪ್ಟಾ ಧೈರ್ಯ ಅಂತ ಕರೆದಿದ್ದು ಅದನ್ನ.”

ಫಿಂಟನ್ ಮೇಷ್ಟ್ರು ಗಂಟೆ ಎತ್ತಿದರು. ಎತ್ತಿದ್ದು ಅಭ್ಯಾಸಬಲದಿಂದ. ಗಂಟೆಯ ನಾಲಿಗೆ ಅಲ್ಲಾಡದಂತೆ ಒಳಗೆ ಬೆರಳು ಹಾಕಿ ಹಿಡಿದು ಮೆಲ್ಲನೆ ಕೆಳಗಿಟ್ಟರು.

“ನನ್ನನ್ನ ಕೇಳಿದ್ದಿದ್ರೆ ನಾನು ಹೊರ್ತಿದ್ದೆನೋ ಏನೋ. ನಿಜವಾಗ್ಲೂ ಗೊತ್ತಿಲ್ಲ. ಇರಬಹುದು. ಆದ್ರೆ ಯಾರೂ ಕೇಳಲೇ ಇಲ್ಲವಲ್ಲ, ಅದಕ್ಕೇ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮಗಳನ್ನ ನಾನು ಪ್ರೀತಿಯಿಂದ ಹೊತ್ತೆನಾ, ಬೇರೆ ಗತಿ ಇಲ್ಲದೆ ಹೊತ್ತೆನಾ, ನನಗೇ ತಿಳಿಯದ ಹಾಗೆ ಮಾಡಿಬಿಟ್ರು. ಕಾನೂನು ನನ್ನಿಂದ ಕಿತ್ಕೊಂಡಿದ್ದು ಅದನ್ನ. ನನ್ನ ಪ್ರೀತಿಗೂ ಬಲವಂತದ ಮೊಹರು ಒತ್ತಿಬಿಡ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಶುಕ್ರವಾರ ನಾನು ‘ಹೌದು’ ಅಂತ ಹಾಕ್ತೀನಿ.”

ಕೂತಳು. ಮ್ಯಾಲಕಿ ಕೈಚೀಲ ವಾಪಸು ಕೊಟ್ಟ. ಅವನ ಬೆರಳಿನ ಒತ್ತು ಚೀಲದ ಚರ್ಮದ ಮೇಲೆ ಮೂಡಿತ್ತು.

“ಇನ್ನು... ಚಹಾ,” ಎಂದರು ಮೇಷ್ಟ್ರು.

ಚಹಾದ ಸಾಲಿನಲ್ಲಿ ಕೇಕು ಕತ್ತರಿಸುತ್ತಿದ್ದ ಒಬ್ಬ ಮುದುಕಿ ಡಿಂಪ್ನಾಳ ತಟ್ಟೆಗೆ ಎರಡು ಹೋಳು ಇಟ್ಟು, ಚಾಕುವನ್ನು ನೋಡುತ್ತಲೇ ಪಿಸುಗುಟ್ಟಿದಳು: “ನನ್ನದು ಎರಡು.” ಕೇಕಿನ ಮಾತಲ್ಲ ಅದು ಎಂದು ಡಿಂಪ್ನಾಗೆ ತಿಳಿಯಿತು. ಅವಳ ಮುಂಗೈ ಒತ್ತಿದಳು. ತಲೆ ಎತ್ತಿ ನೋಡಿದರೆ ಕನ್ಸೆಪ್ಟಾ ಇರಲಿಲ್ಲ. ಪಕ್ಕದ ಬಾಗಿಲಿನಿಂದ ಆಗಲೇ ಹೋಗಿದ್ದಳು, ಆ ಮೊಣಕಾಲಿನಲ್ಲಿ, ಅಷ್ಟು ದೂರ, ನಡೆದುಕೊಂಡು.

ಮರುದಿನ ಬೆಳಿಗ್ಗೆಯಿಂದ ಜನ ಬರತೊಡಗಿದರು. ಒಬ್ಬಳು ಕಂದು ಬ್ರೆಡ್ಡು ತಂದಳು. ಒಬ್ಬಳು ರೂಬಾರ್ಬ್ ಎಂಬ ಹುಳಿದಂಟಿನ ಕಡುಬು. ಡೆಕ್ಲನ್ ಬಂದು ಒಂದು ಚೀಲ ಆಲೂಗೆಡ್ಡೆ ಬಾಗಿಲ ಬಳಿ ಇಟ್ಟು, ಟೋಪಿ ತೆಗೆದು, “ಏನು ಹೇಳ್ಬೇಕೋ ಗೊತ್ತಾಗಲ್ಲ ಡಿಂಪ್ನಾ,” ಎಂದ.

“ಹೋರಿ ಸಿಕ್ತಾ?”

“ಸಿಕ್ತು.”

“ಹಾಗಾದ್ರೆ ಸರಿ.”

ಸಾವಾದ ಮನೆಗೆ ಬರುವ ಹಾಗೆ ಬಂದಿದ್ದರು, ಕೈತುಂಬ ತಿಂಡಿ, ಮುಖದಲ್ಲಿ ಮಾತಿಲ್ಲದ ಮಾತು. ಒಂದು ಸಾವಿಗೆ ಸಂತಾಪ ಹೇಳಲು ಊರಿಗೆ ಇಷ್ಟು ವರ್ಷ ಹಿಡಿಯಿತು. ಬಾಗಿಲು ತೆರೆದಾಗಲೆಲ್ಲ ಡಿಂಪ್ನಾ ಬಂದವರ ಭುಜದ ಮೇಲಿಂದ ಪಕ್ಕದ ಮನೆಯ ಕಡೆ ನೋಡುವಳು. ಅಲ್ಲಿಂದ ಮಾತ್ರ ಏನೂ ಬರಲಿಲ್ಲ. ಬುಧವಾರವೂ ಇಲ್ಲ, ಗುರುವಾರವೂ ಇಲ್ಲ. ಹೊಗೆಕೊಳವೆಯಲ್ಲಿ ಹೊಗೆ ಏಳುತ್ತಿತ್ತು, ಒಗೆದ ಬಟ್ಟೆ ತಂತಿಗೆ ಬೀಳುತ್ತಿತ್ತು, ಅಷ್ಟೆ.

“ಬಂದು ಕ್ಷಮೆ ಕೇಳಬೇಕಾದವರು ಅವರು,” ಎಂದಳು ಮುರಿನ್. ಎರಡು ದಿನದಲ್ಲಿ ಅವಳು ಅಜ್ಜಿಯ ಪಕ್ಕ ಬಿಟ್ಟು ಕದಲಿರಲಿಲ್ಲ. “ನಿನ್ನ ಜೀವನಾನ ಎತ್ಕೊಂಡು ಪೋಸ್ಟರು ಮಾಡಿದ್ರು ಅಜ್ಜಿ. ಏಣಿ ಹಾಕಿ ಕಂಬಕ್ಕೆ ಕಟ್ಟೋದೊಂದು ಬಾಕಿ.”

“ನಿಜ.”

“ಅವರ ಕಡೆಯವರು ಕಾರು ಕಳಿಸ್ತಾರೆ. ಮಿನಿಬಸ್ಸೇ ಇದೆಯಂತೆ. ನೀನು ಹೋಗ್ಬೇಡ. ಪ್ಲೀಸ್.”

“ಮುರಿನ್, ಈ ಕಡುಬು ತಿನ್ನು. ಇದನ್ನೆಲ್ಲ ತಿಂದು ಮುಗಿಸೋಕೆ ನಾವು ಇನ್ನೊಂದು ಸಭೆ ಕರೀಬೇಕಾಗುತ್ತೆ.”

ಶುಕ್ರವಾರ ಬೆಳಿಗ್ಗೆ ಮ್ಯಾಲಕಿ ಕ್ಷೌರ ಮಾಡಿಕೊಂಡು ಕೋಟು ಹಾಕಿದ. ಅವನು, ಮೊಮ್ಮಗಳು ಹಳೆಯ ವ್ಯಾನಿನಲ್ಲಿ ಮೊದಲು ಹೊರಡುವುದೆಂದಾಯಿತು.

“ನೀನು ಏನು ಹಾಕ್ತೀಯ ಅಂತ ನಾನು ಕೇಳಲೇ ಇಲ್ಲ,” ಎಂದಳು ಡಿಂಪ್ನಾ, ಅವನ ಕಾಲರು ಸರಿ ಮಾಡುತ್ತ.

“ಆ ಡಾಕ್ಟ್ರು ಬಾಗಿಲು ತೆರೆದಿದ್ರಲ್ಲ,” ಎಂದ ಮ್ಯಾಲಕಿ. “ಅಂದೇ ಹಾಕಿಬಿಟ್ಟೆ ಕಣೇ. ಇವತ್ತು ಬರೀ ಪೆನ್ಸಿಲ್ ಕೆಲಸ.” ವ್ಯಾನಿನ ಕೀಲಿ ಹುಡುಕುತ್ತ, “ಮೊದಲನೇ ಸಲ ಇಬ್ಬರದೂ ಒಂದೇ ಕಡೆ. ನಮ್ಮಪ್ಪ ಗೋರೀಲಿ ಮಗ್ಗುಲು ಬದಲಿಸ್ತಾನೆ,” ಎಂದ.

ವ್ಯಾನು ಹೋಯಿತು. ಡಿಂಪ್ನಾ ಕಾರಿನ ಕೀಲಿ ಹಿಡಿದು ಅಂಗಳದಲ್ಲಿ ನಿಂತಳು. ಹಿಂದೆಲ್ಲ ಈ ಹೊತ್ತಿಗೆ ಕನ್ಸೆಪ್ಟಾ ಗೇಟಿನ ಬಳಿ ನಿಂತಿರುತ್ತಿದ್ದಳು, ತಡವಾಯಿತೆಂದು ಗದರಲು ಸಿದ್ಧಳಾಗಿ. ಇವತ್ತು ಗೇಟು ಖಾಲಿ. ಮಿನಿಬಸ್ಸಿನಲ್ಲಿ ಹೋದಳೋ ಏನೋ. ಹೋಗಿದ್ದರೆ ಒಳ್ಳೆಯದೇ. ತಾನೊಬ್ಬಳೇ ಹೋಗಿ, ತನ್ನ ಕಾರಿನಿಂದ ಒಂದು ವೋಟೂ ಕಳೆಯದೆ ಬರಬಹುದು. ಮೊಮ್ಮಗಳ ಮುಖವನ್ನು ನೇರವಾಗಿ ನೋಡಬಹುದು.

ಆದರೆ ಹೋಗಿರದಿದ್ದರೆ? ಆ ಮುದುಕಿ ಅಡುಗೆಮನೆಯಲ್ಲಿ ಕೂತು ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಿದ್ದರೆ? ತನ್ನನ್ನು ಯಾರೂ ಏನೂ ಕೇಳಲಿಲ್ಲವೆಂದು ಸಭೆಯಲ್ಲಿ ಕೂಗಿ ಹೇಳಿದವಳು, ಇನ್ನೊಬ್ಬಳ ಮಾತನ್ನು ಕಾರು ಕೊಡದೆ ಮುಚ್ಚಿಸಿದರೆ ಅದೆಂಥ ಗೆಲುವು? ಅವಳ ‘ಬೇಡ’ವನ್ನು ಸೋಲಿಸಬೇಕು, ನಿಜ. ಅವಳ ಮೊಣಕಾಲನ್ನು ನಂಬಿಕೊಂಡಲ್ಲ.

ಬೇಲಿಯ ಸಂದಿಯಿಂದ ದಾಟಿ ಕನ್ಸೆಪ್ಟಾಳ ಹಿಂಬಾಗಿಲಿಗೆ ಹೋದಳು. ತಟ್ಟಲಿಲ್ಲ, ಎಂದೂ ತಟ್ಟಿದವಳಲ್ಲ.

ಕನ್ಸೆಪ್ಟಾ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಹಸಿರು ಕೋಟು, ಚರ್ಚಿನ ಟೋಪಿ, ಮಡಿಲಲ್ಲಿ ಕೈಚೀಲ.

“ನೀನು ಬರಲ್ಲ ಅಂದ್ಕೊಂಡೆ,” ಎಂದಳು.

“ಮತ್ತೆ ಕೋಟು ಯಾಕೆ ಹಾಕ್ಕೊಂಡಿದ್ದೀಯ?”

“ಚಳಿ.”

“ಮೇ ತಿಂಗಳಲ್ಲಿ! ಮಿನಿಬಸ್ಸು ಬರಲಿಲ್ವಾ?”

“ಬಂತು. ಕಳಿಸಿದೆ. ಆ ಡ್ರೈವರ್ ಹುಡುಗ ಹುಚ್ಚನ ಹಾಗೆ ಓಡಿಸ್ತಾನೆ.”

“ಡೇರಿ ಗೇಟು ಕಿತ್ಕೊಂಡು ಬಂದವಳು ಹೇಳ್ತಿದ್ದಾಳೆ.”

ಕನ್ಸೆಪ್ಟಾ ನಗಲಿಲ್ಲ. ಏಳಲೂ ಇಲ್ಲ. “ಡಿಂಪ್ನಾ, ನಾನು ‘ಬೇಡ’ ಅಂತಾನೇ ಹಾಕ್ತೀನಿ. ಮೊದಲೇ ಹೇಳಿಬಿಡ್ತೀನಿ. ಆಮೇಲೆ ನೀನು ಕಾರು ಹತ್ತಿಸ್ಕೊಂಡು ಮೋಸಹೋದೆ ಅನ್ನಬಾರದು.”

“ಗೊತ್ತು. ಏಳು.”

ಕಾರು ರಸ್ತೆಗೆ ಬಂತು. ಹಾಥಾರ್ನ್ ಮುಳ್ಳುಗಿಡದ ಬೇಲಿಗಳು ಎರಡೂ ಕಡೆ ಬೆಳ್ಳಗೆ ಹೂಬಿಟ್ಟಿದ್ದವು. ಕಂಬದಿಂದ ಕಂಬಕ್ಕೆ ಹೌದು, ಬೇಡ, ಹೌದು, ಬೇಡ. ಇಬ್ಬರೂ ಅವನ್ನು ಓದದವರ ಹಾಗೆ ಮುಂದೆ ನೋಡುತ್ತಿದ್ದರು. ಸೇತುವೆಯ ಹತ್ತಿರ ಬಂದಾಗ ಕನ್ಸೆಪ್ಟಾ ಬಾಯಿ ಬಿಟ್ಟಳು.

“ನಾನು ನಿನ್ನ ಹೊಗಳಿದ್ದು ಕಣೇ.”

“ಗೊತ್ತು.”

“ಹೊಗಳ್ತಿದ್ದೀನಿ ಅಂತಾನೇ ಅಂದ್ಕೊಂಡಿದ್ದೆ. ಬಾಗಿಲಾಚೆ ಹಾಲಿನ ಮಿಷನ್ ಓಡ್ತಿತ್ತು, ನಾನು ಎಷ್ಟು ಸಲ ಅದನ್ನ ಕೇಳಿಸ್ಕೊಂಡು ನಿನ್ನ ಅಡುಗೆಮನೇಲಿ ಕೂತಿದ್ದೆ. ಪಾಪ, ಎಷ್ಟು ಕೆಲಸ ಮಾಡ್ತಾಳೆ ಅಂದ್ಕೊಳ್ತಿದ್ದೆ. ಎದ್ದು ಹೋಗಿ ಒಂದು ಸಲ ನೋಡ್ಬೇಕಿತ್ತು.”

“ನೋಡಿದ್ರೆ ನಾನು ಕಣ್ಣಿಗೆ ಹುಲ್ಲು ಬಿತ್ತು ಅಂತಿದ್ದೆ.”

“ನೀನು ಹೇಳಬೇಕಿತ್ತು!” ಕನ್ಸೆಪ್ಟಾಳ ಧ್ವನಿ ಈಗ ಏರಿತು. “ಇಷ್ಟು ವರ್ಷ! ನನ್ನ ಗರ್ಭಕೋಶ ತೆಗೆದಾಗ ಬ್ಯಾಸಿನ್ ಹಿಡಿದವಳು ನೀನು. ನಿನ್ನ ಹಲ್ಲಿನ ಸೆಟ್ಟು ಬಚ್ಚಲಲ್ಲಿ ಬಿದ್ದಾಗ ಹುಡುಕಿಕೊಟ್ಟವಳು ನಾನು. ಇದೊಂದು ಮಾತು ಹೇಳೋಕಾಗಲಿಲ್ವಾ?”

“ನೀನು ಕೇಳಬೇಕಿತ್ತು!” ಡಿಂಪ್ನಾಳೂ ಏರಿಸಿದಳು. ಕಾರು ಸ್ವಲ್ಪ ಓಲಾಡಿತು. “ಊರಿನೋರೆಲ್ಲ ಬಿಡು. ನೀನು ಕೇಳಬೇಕಿತ್ತು. ಕೇಳದೆ ಇದ್ದಿದ್ದನ್ನಾದ್ರೂ ಕ್ಷಮಿಸ್ತಿದ್ದೆ. ಕೇಳದೇನೇ ಎದ್ದು ನಿಂತು ಉತ್ತರ ಹೇಳಿದೆಯಲ್ಲ, ಅದನ್ನ ಹೇಗೆ ಕ್ಷಮಿಸಲಿ?”

ಕನ್ಸೆಪ್ಟಾ ಕೈಚೀಲ ತೆರೆದಳು, ಮುಚ್ಚಿದಳು. ಕಿಟಕಿಯ ಕಡೆ ತಿರುಗಿದಳು. ಅವಳು ಅಳುವಾಗ ಮೂಗು ಮೊದಲು ಕೆಂಪಾಗುತ್ತದೆ. ಡಿಂಪ್ನಾ ಅದನ್ನು ನೋಡದೆಯೂ ಬಲ್ಲಳು.

ಶಾಲೆಯ ಮುಂದೆ ಕಾರು ನಿಂತಿತು. ಇಬ್ಬರೂ ಇಳಿಯಲಿಲ್ಲ.

“ಈಗ ಕೇಳ್ತೀನಿ,” ಎಂದಳು ಕನ್ಸೆಪ್ಟಾ. “ತಡವಾಗಿಲ್ಲ ಅಂದ್ರೆ. ಹೇಗಿದ್ಲು ಅವಳು?”

ಡಿಂಪ್ನಾ ಸ್ಟೀರಿಂಗಿನ ಮೇಲಿನ ಕೈ ತೆಗೆಯಲಿಲ್ಲ. ಈ ಪ್ರಶ್ನೆಯನ್ನು ಅವಳಿಗೆ ಅವಳ ತಾಯಿ ಕೇಳಿರಲಿಲ್ಲ, ಪಾದ್ರಿ ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ.

“ಎತ್ನಾ ಅಂತ ಹೆಸರು,” ಎಂದಳು. “ನನ್ನ ಅಜ್ಜಿಯದು. ಮ್ಯಾಲಕಿಯ ಗದ್ದ, ಪಾಪ. ಕೈಬೆರಳು ಉದ್ದ. ನರ್ಸು ಮೊದಲು ತೋರಿಸಲ್ಲ ಅಂದ್ಲು, ನೋಡೋ ಹಾಗಿಲ್ಲ ಅಂದ್ಲು. ನೀನು ಎಲ್ಲ ಕೂಸಿಗೂ ಹೆಣೆದು ಕೊಡ್ತಿದ್ದೆಯಲ್ಲ ಟೋಪಿ, ಅದೊಂದು ನನ್ನ ಚೀಲದಲ್ಲಿತ್ತು. ಅದನ್ನ ಹಾಕಿ ತನ್ನಿ ಅಂದೆ. ಹಾಕಿ ತಂದ್ಲು. ಹಳದಿ ಟೋಪಿ, ಕಣ್ಣಿನವರೆಗೂ ಇಳಿದಿತ್ತು, ನೀನು ಯಾವತ್ತೂ ಅಳತೆ ಸರಿ ಮಾಡ್ದೋಳಲ್ಲ. ಅದು ಇದ್ದಿದ್ದಕ್ಕೇ ನನ್ನ ಮಗಳ ಮುಖ ನಾನು ನೋಡಿದೆ ಕನ್ಸೆಪ್ಟಾ. ಸ್ವಲ್ಪ ಹೊತ್ತು ಉಸಿರಾಡಿದ್ಲು. ಚೆನ್ನಾಗಿದ್ಲು.”

ಶಾಲೆಯ ಬಾಗಿಲಿನಿಂದ ಜನ ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬಿಬ್ಬರು ಕಾರಿನೊಳಗೆ ಇಬ್ಬರು ಮುದುಕಿಯರು ಕೈಕೈ ಹಿಡಿದು ಕೂತದ್ದನ್ನು ಕಂಡು, ಊರಿನ ಮರ್ಯಾದೆಯಂತೆ ಬೇರೆ ಕಡೆ ನೋಡಿದರು.

“ಮೂಗು ಒರೆಸ್ಕೋ,” ಎಂದಳು ಡಿಂಪ್ನಾ ಕೊನೆಗೆ. “ಅಳ್ತಾ ವೋಟು ಹಾಕಿದ್ರೆ ಎರಡು ಕಡೆಗೂ ಗೀಚಿಬಿಡ್ತೀಯ.”

ಒಳಗೆ ಮಕ್ಕಳು ಬಿಡಿಸಿದ ಚಿತ್ರಗಳ ಕೆಳಗೆ ಮತಪೆಟ್ಟಿಗೆ ಇಟ್ಟಿದ್ದರು. ಪೆನ್ಸಿಲ್ಲನ್ನು ಎಂದಿನಂತೆ ದಾರಕ್ಕೆ ಕಟ್ಟಿದ್ದರು. ಡಿಂಪ್ನಾ ‘ಹೌದು’ ಎಂಬುದರ ಎದುರಿನ ಚೌಕದಲ್ಲಿ ಗುರುತು ಹಾಕಿದಳು. ಕಾಗದ ಹರಿಯುವಷ್ಟು ಒತ್ತಿ ಹಾಕಿದಳು. ತೋಳು ಹಗುರವಾಯಿತು. ತಾನು ಈಗ ಹಾಕಿದ್ದು ಯಾರನ್ನೂ ಬೇಡವೆಂದದ್ದಲ್ಲ. ಮುಂದೆ ಒಬ್ಬಳು ಡಾಕ್ಟರ ಎದುರಿನ ಅದೇ ಕುರ್ಚಿಯಲ್ಲಿ ಕೂತಾಗ ಎದುರಿನವರು ಕಿಟಕಿ ಬಿಟ್ಟು ಅವಳ ಮುಖ ನೋಡಿ ಕೇಳಲಿ, ಅಷ್ಟೆ.

ಪಕ್ಕದ ಮರೆಯಲ್ಲಿ ಕನ್ಸೆಪ್ಟಾ ಹೆಚ್ಚು ಹೊತ್ತು ತೆಗೆದುಕೊಂಡಳು. ಹೊರಬಂದು ಕಾಗದವನ್ನು ಪೆಟ್ಟಿಗೆಗೆ ಇಳಿಸಿದಳು.

“ನಾನು ಅಂದ ಹಾಗೇ ಹಾಕಿದೆ,” ಎಂದಳು ಕಾರಿನ ಬಳಿ. “ಪೆನ್ಸಿಲ್ಲು ಎರಡು ಸಲ ಕೆಳಗಿಟ್ಟೆ. ಹಿಂದೆಂದೂ ಹಾಗೆ ಮಾಡಿರಲಿಲ್ಲ. ಆದ್ರೂ ಹಾಕಿದೆ.”

“ಸರಿ.”

“ಸಿಟ್ಟಾ?”

“ಹೌದು. ಹತ್ತು, ಚಹಾ ಕುಡಿಯೋಣ. ಮನೇಲಿ ಕಡುಬು ರಾಶಿ ಬಿದ್ದಿದೆ. ನಿನ್ನದೊಂದು ಬಿಟ್ಟು ಎಲ್ಲರದ್ದೂ.”

ಕನ್ಸೆಪ್ಟಾ ಬೆಲ್ಟು ಎಳೆದುಕೊಂಡಳು. ಚರ್ಚಿನ ಬಳಿ ರಸ್ತೆ ತಿರುಗುವಾಗ ಸ್ಮಶಾನದ ಗೋಡೆಯ ಕಡೆ ನೋಡಿ ಕೇಳಿದಳು, “ಎಲ್ಲಿ ಮಲಗಿಸಿದ್ರಿ?”

“ಮ್ಯಾಲಕಿಯ ಅಮ್ಮನ ಜೊತೆ. ಪೆಟ್ಟಿಗೆ ಹಿಂದಿನ ಸೀಟಲ್ಲಿಟ್ಕೊಂಡು ಅವನೊಬ್ಬನೇ ತಂದ. ನನ್ನನ್ನ ಆಸ್ಪತ್ರೆಯಿಂದ ಬಿಟ್ಟಿರಲಿಲ್ಲ.”

“ನನ್ನ ಗಂಡನ ಹಿಂದಿನ ಸಾಲು! ಪ್ರತಿ ಭಾನುವಾರ ಅದರ ಪಕ್ಕ ಹಾದು ಹೋಗ್ತೀನಿ. ಕಲ್ಲಿನ ಮೇಲೆ ಹೆಸರೇ ಇಲ್ಲವಲ್ಲೇ.” ಕನ್ಸೆಪ್ಟಾ ನೆಟ್ಟಗೆ ಕೂತಳು. ಮೊಣಕಾಲು, ಮೂಗು ಎಲ್ಲ ಮರೆತವಳ ಹಾಗೆ ಅವಳ ಹಳೆಯ ಯಜಮಾನಿಕೆಯ ಧ್ವನಿ ಮರಳಿತು. “ಕಲ್ಲು ಕೆತ್ತೋ ಡರ್ಮಟ್ ನನ್ನ ಚಿಕ್ಕಪ್ಪನ ಮಗ. ನಾಳೆಯೇ ಮಾತಾಡ್ತೀನಿ ಅವನ ಹತ್ರ. ಎತ್ನಾ, ಮ್ಯಾಲಕಿ ಮತ್ತು ಡಿಂಪ್ನಾರ ಮಗಳು ಅಂತ ಬರೆಸೋಣ, ಕೆಳಗೆ ಒಂದು ಸಣ್ಣ ಪ್ರಾರ್ಥನೆ, ಪಕ್ಕದಲ್ಲಿ ಒಂದು ಪಾರಿವಾಳ...”

“ಕನ್ಸೆಪ್ಟಾ.”

“ಏನು?”

“ಡರ್ಮಟ್ ಹತ್ರ ನಾನೇ ಮಾತಾಡ್ತೀನಿ.”

ಕನ್ಸೆಪ್ಟಾ ಬಾಯಿ ತೆರೆದಳು. ಮುಚ್ಚಿದಳು. ಅವಳಿಗೆ ಅದು ಎಷ್ಟು ಕಷ್ಟವಾಯಿತೆಂದು ಡಿಂಪ್ನಾ ಬಲ್ಲಳು.

“ಕರ್ಕೊಂಡಾದ್ರೂ ಹೋಗ್ತೀಯಾ?” ಎಂದಳು ಸ್ವಲ್ಪ ದೂರ ಹೋದ ಮೇಲೆ. “ಸುಮ್ಮನೆ ನಿಂತಿರ್ತೀನಿ.”

“ನೀನು? ಸುಮ್ಮನೆ?”

“ಪಾರಿವಾಳದ ಮಾತು ಮಾತ್ರ ಆಡ್ತೀನಿ.”

“ಪಾರಿವಾಳ ಬೇಡ,” ಎಂದು ಡಿಂಪ್ನಾ ಗೇರು ಬದಲಿಸಿದಳು.